ಬುಡ ನೋಡದೆ ಬಿಟ್ಟ ಮೂಟೆ

ಡಬ್ಬಾ ಸರ್ವಿಸ್ ಶುರು ಮಾಡುತ್ತೇನೆ, ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುತ್ತೇನೆ, ಸಣ್ಣದೊಂದು ಹೋಟೆಲು ಇಡುತ್ತೇನೆ ಎನ್ನುವ ಹುಡುಗ ಹುಡುಗಿಯರು ಈಗೀಗ ನನ್ನ ಡೊಂಬಿವಲಿಯ ಮನೆಗೆ ಬರುವುದು ಹೆಚ್ಚಾಗಿದೆ. ಎಲ್ಲ ನಮ್ಮ ಕಡೆಯವರ ಮಕ್ಕಳೇ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. "ಅಂಕಲ್, ಬಿಸ್ನೆಸ್ ಬಢಾನಾ ಹೈ, ಪೆಹಲೇ ಕ್ಯಾ ಕರೇಂ?" ವ್ಯಾಪಾರ ಬೆಳೆಸಬೇಕು, ಮೊದಲು ಏನು ಮಾಡಲಿ ಎಂದು ಕೇಳುತ್ತಾರೆ. ಮೊದಲು ಒಂದು ಒಳ್ಳೆಯ ತಕ್ಕಡಿ ತಗೋ ಎನ್ನುತ್ತೇನೆ. ಅವರ ಮುಖ ಸಪ್ಪೆಯಾಗುತ್ತದೆ. ಹೆಸರು ಇಟ್ಟಾಗಿದೆ, ಬಣ್ಣದ ಬೋರ್ಡು ಬರೆಸಿಯಾಗಿದೆ, ಫೋನಿನಲ್ಲಿ ಇಡ್ಲಿಯ ಫೋಟೋ ಹಾಕಿಯಾಗಿದೆ, ತಕ್ಕಡಿ ಮಾತ್ರ ಇಲ್ಲ. ಅಕ್ಕಿ ಎಷ್ಟು ಬಂತು ಎಂದು ಕೇಳಿದರೆ ಅಂಗಡಿಯವನು ಹೇಳಿದಷ್ಟು ಎನ್ನುತ್ತಾರೆ. ಅಂಥವರ ಜೊತೆ ಮುಂದೆ ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ನಾನು ಹೋಟೆಲಿನ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇದ್ದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸ ಮಾಡಿದೆ. ಹೊರಗಿನಿಂದ ಬಂದ ಅಕ್ಕಿ, ಬೇಳೆ, ತರಕಾರಿ, ಹಾಲು, ತೆಂಗಿನಕಾಯಿ ಎಲ್ಲವನ್ನೂ ಇಳಿಸಿಕೊಂಡು, ತೂಗಿ, ಮೂಸಿ, ಒಳಗೆ ಇಡಬೇಕು. ಅಡುಗೆಯವರು ಕೇಳಿದಾಗ ಅಳೆದು ಕೊಡಬೇಕು. ಹೆಸರು ಪದ್ಮನಾಭ, ಎಲ್ಲರ ಬಾಯಲ್ಲಿ ಪದ್ದಣ್ಣ. ಬೆನ್ನ ಹಿಂದೆ ಏನೇನೋ ಕರೆಯುತ್ತಿದ್ದರು, ಅದೂ ನನಗೆ ಗೊತ್ತಿತ್ತು. ಸಂಬಳ ತಗೊಂಡು ಅನುಮಾನ ಪಡುವ ಕೆಲಸ ಅದು. ನನಗೆ ಚೆನ್ನಾಗಿಯೇ ಒಗ್ಗಿತು.

ಕೆಲಸ ಕಲಿಸಿದವರು ನನಗಿಂತ ಮೊದಲು ಸ್ಟೋರಿನಲ್ಲಿದ್ದ ಹಿರಿಯರು. ಅವರು ಒಂದು ಮಾತೂ ವಿವರಿಸಿ ಹೇಳಿದವರಲ್ಲ. ಮೊದಲ ದಿನ ಟೊಮೆಟೊದ ಕ್ರೇಟ್ ಬಂತು. ಮೇಲಿನ ಸಾಲು ನೋಡಿ ನಾನು "ಚೆನ್ನಾಗಿ ಉಂಟು" ಎಂದೆ. ಅವರು ಕ್ರೇಟನ್ನು ನೆಲದ ಮೇಲೆ ಕವುಚಿದರು. ಕೆಳಗಿನ ಎರಡು ಸಾಲು ಹಸಿರು, ಒಂದು ಸಾಲು ಕೊಳೆತದ್ದು. "ಮೇಲಿಂದು ನೋಡ್ಲಿಕ್ಕೆ ಗಿರಾಕಿ ಸಾಕು. ನಿನಗೆ ಸಂಬಳ ಬುಡ ನೋಡ್ಲಿಕ್ಕೆ" ಎಂದರು. ಅಲ್ಲಿಂದ ಮುಂದೆ ನಾನು ಪ್ರತಿಯೊಂದು ಮೂಟೆಯ ಬುಡ ನೋಡಿದೆ. ಕೊತ್ತಂಬರಿ ಕಟ್ಟಿನಿಂದ ನೀರು ಒದರಿಸಿದ ಮೇಲೆಯೇ ತೂಗುತ್ತಿದ್ದೆ. ಬೇಳೆಯವನು ತಾನಾಗಿ ಸ್ಯಾಂಪಲ್ ತೆಗೆದುಕೊಟ್ಟರೆ ಅದನ್ನು ಅವನ ಕೈಗೇ ವಾಪಸ್ ಕೊಟ್ಟು, ಬೇರೆ ಚೀಲದಿಂದ ನಾನೇ ತೆಗೆಯುತ್ತಿದ್ದೆ.

ಠಾಣೆಯ ಕಡೆಯಿಂದ ಬರುತ್ತಿದ್ದ ತೆಂಗಿನಕಾಯಿ ವ್ಯಾಪಾರಿಯೊಬ್ಬ ಬಹಳ ಸಭ್ಯ. ಎರಡು ಕೈಯಲ್ಲಿ ಎರಡೆರಡು ಕಾಯಿ ಎತ್ತಿ ಹಾಕುತ್ತಾ ಲೆಕ್ಕ ಹೇಳುತ್ತಿದ್ದ. ಐವತ್ತರ ಹತ್ತಿರ ಬಂದಾಗ "ಪದ್ದಣ್ಣ, ಮಗಳ ಪರೀಕ್ಷೆ ಹೇಗಾಯ್ತು?" ಎಂದು ಕೇಳುತ್ತಿದ್ದ. ನಾನು ಉತ್ತರ ಹೇಳುವಷ್ಟರಲ್ಲಿ ಲೆಕ್ಕ ಅರವತ್ತಾರಕ್ಕೆ ಹಾರಿರುತ್ತಿತ್ತು. ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು. ಆಮೇಲೆ ಮಾಲು ಇಳಿಸಿಕೊಳ್ಳುವಾಗ ಯಾರು ಏನು ಕೇಳಿದರೂ ನಾನು ಬಾಯಿ ಬಿಡಲಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಮಾಲು ಇಳಿಯುವ ಹೊತ್ತಿಗೆ ಫೋನು ಒಳಗಿಡಿ, ಕುಶಲ ಆಮೇಲೆ ಕೇಳಿ.

ನಾನೂ ಎಡವಿದ್ದೇನೆ. ಒಮ್ಮೆ ಮಧ್ಯಾಹ್ನದ ಹಾಲಿಗೆ ಮಾಪಕದ ಕಡ್ಡಿ ಹಾಕಿದೆ. ಅದು ಕೆಳಗೆ ಮುಳುಗಿತು. ನೀರು ಬೆರೆಸಿದ್ದಾನೆ ಎಂದು ಎಲ್ಲ ಕ್ಯಾನನ್ನೂ ವಾಪಸ್ ಕಳಿಸಿದೆ. ಸಂಜೆ ಲೋಕಲ್ ರೈಲು ಇಳಿದ ಜನ ಬಂದು ಕೂತರೆ ಕೊಡಲು ಕಾಫಿಯೂ ಇಲ್ಲ, ಚಹಾವೂ ಇಲ್ಲ. ಆಮೇಲೆ ತಿಳಿಯಿತು, ಬಿಸಿಲಲ್ಲಿ ನಿಂತ ಟೆಂಪೋದಿಂದ ಇಳಿದ ಹಾಲು ಬೆಚ್ಚಗಿತ್ತು, ಬೆಚ್ಚಗಿನ ಹಾಲಿನಲ್ಲಿ ಕಡ್ಡಿ ಹಾಗೇ ಮುಳುಗುತ್ತದೆ. ಮಾಲೀಕ ಸಂಜೀವಣ್ಣ ನನ್ನನ್ನು ಕರೆದರು. "ಪದ್ದಣ್ಣ, ನೀನು ಅನುಮಾನ ಮಾಡು, ನಾನು ಬೇಡ ಅಂತ ಹೇಳುದಿಲ್ಲ. ಆದ್ರೆ ಹಾಲು ತಣ್ಣಗಾಗುವ ತನಕ ಕಾಯ್ಲಿಕ್ಕೆ ನಿನಗೆ ಎಂತ ಆಗಿತ್ತು ಮಾರಾಯ?" ಎಂದರು. ಆ ಮಾತಿಗೆ ನಾನು ತಲೆ ತಗ್ಗಿಸಿದೆ, ಆದರೆ ಪಾಠ ಕಲಿಯಲಿಲ್ಲ.

ಒಳಗಿನವರ ಮೇಲೂ ನನ್ನ ಕಣ್ಣಿತ್ತು. ಕಸದ ಡಬ್ಬಿ ನೋಡುತ್ತಿದ್ದೆ. ಬಟಾಟೆ ಸಿಪ್ಪೆ ದಪ್ಪ ಇದ್ದರೆ ಹೆರೆದವನನ್ನು ಕರೆದು ತೋರಿಸುತ್ತಿದ್ದೆ. ಕೆಲಸ ಮುಗಿಸಿ ಹೋಗುವವರು ಹಿಂದಿನ ಬಾಗಿಲಲ್ಲಿ ನನ್ನೆದುರು ಚೀಲ ಬಿಚ್ಚಿ ತೋರಿಸಿ ಹೋಗಬೇಕು. ಇದು ಆಗಿನ ಎಲ್ಲ ಹೋಟೆಲುಗಳ ರೂಢಿ. ನಮ್ಮಲ್ಲಿ ಒಬ್ಬನಿಗೆ ಮಾತ್ರ ಅದರಿಂದ ವಿನಾಯಿತಿ ಇತ್ತು. ಅವನ ಹೆಸರು ಬಸಪ್ಪ.

ಬಸಪ್ಪ ಬ್ಯಾಡಗಿ ಕಡೆಯವನು. ರುಬ್ಬುವ ಯಂತ್ರ ತೊಳೆಯಲು ಬಂದವನು ಹತ್ತು ವರ್ಷದಲ್ಲಿ ಮಸಾಲೆಯ ಕೆಲಸ ಪೂರ್ತಿ ಕೈಗೆ ತಗೊಂಡ. ನಮ್ಮ ಹೋಟೆಲಿನ ಸಾಂಬಾರು ಅವನು ಬಂದ ಮೇಲೆಯೇ ಹೆಸರಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಸಾಲೆ ಹುರಿದು ಬೆರೆಸುವ ಕೋಣೆ ಬೇರೆ. ಬೆರೆಸುವಾಗ ಬಾಗಿಲು ಹಾಕಿಕೊಳ್ಳುವುದು ಪದ್ಧತಿ, ಅಳತೆ ಹೊರಗಿನವರಿಗೆ ತಿಳಿಯಬಾರದು. ಹಾಗಾಗಿ ಸಂಜೀವಣ್ಣ ಮೊದಲೇ ಹೇಳಿಬಿಟ್ಟಿದ್ದರು, "ಬಸಪ್ಪನ ಕೋಣೆಗೆ ಹೋಗ್ಬೇಡ, ಅವನ ಚೀಲ ಮುಟ್ಬೇಡ." ಎಲ್ಲರ ಚೀಲ ಬಿಚ್ಚಿಸುವವನಿಗೆ ಒಂದು ಚೀಲ ಬಿಡಬೇಕು ಎಂದರೆ ಹೇಗಾಗುತ್ತದೆ, ನೀವೇ ಹೇಳಿ. ನನಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಆಗಿತ್ತು.

ಮೇಲಾಗಿ ಬಸಪ್ಪ ನಮ್ಮ ಊರಿನವನಲ್ಲ. ನಮ್ಮ ಹೋಟೆಲುಗಳಲ್ಲಿ ಇದು ದೊಡ್ಡ ವಿಷಯ. ಉಡುಪಿ, ಕುಂದಾಪುರ, ಕಾರ್ಕಳದವನು ಎಂದರೆ ಮನೆ ಯಾವುದು, ಮಾವ ಯಾರು ಎಂದು ಕೇಳಿ ಅಷ್ಟಕ್ಕೇ ನಂಬುತ್ತಿದ್ದೆವು. ಘಟ್ಟದ ಮೇಲಿನವನನ್ನು ಹತ್ತು ವರ್ಷ ಜೊತೆಗೆ ಉಂಡರೂ ಹೊರಗಿನವನೆಂದೇ ಎಣಿಸುತ್ತಿದ್ದೆವು. ನಾವು ತುಳುವಿನಲ್ಲಿ ಮಾತಾಡುವಾಗ ಅವನು ಬಂದರೆ ಮಾತು ನಿಲ್ಲಿಸುತ್ತಿದ್ದೆವು. ಅವನಿಗೆ ಅಷ್ಟೂ ತುಳು ಅರ್ಥವಾಗುತ್ತಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಒಣಮೆಣಸು ತಂದುಕೊಡುತ್ತಿದ್ದವನು ದಿನಕರ, ನನ್ನ ಹೆಂಡತಿ ಶಾರದೆಯ ಅಣ್ಣ. ವಾಶಿಯ ಸಗಟು ಮಾರ್ಕೆಟ್ಟಿನಿಂದ ಮಾಲು ಎತ್ತಿ ಏಳೆಂಟು ಹೋಟೆಲುಗಳಿಗೆ ಹಾಕುತ್ತಿದ್ದ. ಅವನನ್ನು ಹೋಟೆಲಿಗೆ ತಂದವನು ನಾನೇ. ಅವನ ಮೂಟೆ ಬಂದಾಗ ತೂಗುತ್ತಿದ್ದೆ, ಬಾಯಿ ಬಿಚ್ಚಿ ಮೇಲಿನ ನಾಲ್ಕು ಮೆಣಸು ನೋಡುತ್ತಿದ್ದೆ, ಅಷ್ಟೇ. ಕವುಚಿ ನೋಡಲಿಲ್ಲ. ಮನೆಯವನ ಮೂಟೆ ಕವುಚಿದರೆ ಭಾನುವಾರ ಊಟಕ್ಕೆ ಬಂದಾಗ ಮುಖ ಹೇಗೆ ನೋಡುವುದು?

ಒಂದು ದಿನ ಬಸಪ್ಪ ಸ್ಟೋರಿನ ಬಾಗಿಲಿಗೆ ಬಂದ. ಕೈಯಲ್ಲಿ ನಾಲ್ಕೈದು ಮೆಣಸಿನಕಾಯಿ.

"ಸಾಹೇಬ್ರ, ಈ ಕಾಯಿ ಈ ವರ್ಷದ್ದಲ್ರಿ. ಮುರದ್ರ ವಾಸನೀನ ಬರಂಗಿಲ್ಲ. ನಮ್ಮ ಕಡೆ ಇದನ್ನ ಯಾರೂ ಮುಟ್ಟಂಗಿಲ್ಲ" ಎಂದ.

"ಮತ್ತೆ ಎಲ್ಲಿಂದ ತರಿಸ್ಬೇಕು ಅಂತ ನಿನ್ನ ಅಭಿಪ್ರಾಯ?"

"ಕಲ್ಯಾಣದಾಗ ಒಂದು ಅಂಗಡಿ ಅದ. ಅಲ್ಲಿ ಚಲೋ ಮಾಲು ಬರತೈತಿ."

"ಹೌದಾ. ಅಲ್ಲಿ ನಿನಗೆ ಕಮಿಷನ್ ಎಷ್ಟು ಸಿಗ್ತದೆ?" ಎಂದು ಕೇಳಿದೆ.

ಅವನು ಮೆಣಸನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದ. ಆಮೇಲೆ ಆ ವಿಷಯ ಎತ್ತಲಿಲ್ಲ. ಬಾಲ ಸುಟ್ಟಿತು ನೋಡು ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಅದಾಗಿ ಸ್ವಲ್ಪ ದಿನಕ್ಕೆ ಸಂಜೀವಣ್ಣ ನವಿ ಮುಂಬಯಿಯ ನೆರೂಳಿನಲ್ಲಿ ಎರಡನೇ ಹೋಟೆಲಿಗೆ ಜಾಗ ಹಿಡಿದರು. ನಮ್ಮವರ ಹೋಟೆಲುಗಳು ಬೆಳೆದದ್ದೇ ಒಂದು ಕ್ರಮದಲ್ಲಿ. ಎರಡನೇ ಜಾಗ ಹಿಡಿದಾಗ ಮೊದಲನೆಯದರಲ್ಲಿ ದುಡಿದ ಒಬ್ಬನನ್ನು ವರ್ಕಿಂಗ್ ಪಾರ್ಟ್ನರ್ ಮಾಡುತ್ತಾರೆ. ಅವನು ಬಂಡವಾಳ ಹಾಕಬೇಕಿಲ್ಲ, ಮೈ ಹಾಕಿ ದುಡಿದರೆ ಸಾಕು, ಹೋಟೆಲಿನಲ್ಲಿ ಒಂದು ಪಾಲು ಅವನದು. ಕೆಲಸದವನು ಮಾಲೀಕನಾಗಲು ಇದ್ದ ಬಾಗಿಲು ಅದೊಂದೇ. ಒಬ್ಬನ ಜೀವನದಲ್ಲಿ ಅದು ಒಂದು ಸಲ ತೆರೆದರೆ ಹೆಚ್ಚು. ಆ ಪಾಲು ನನಗೆ ಬರುತ್ತದೆ ಎಂದು ನಾನೂ ಎಣಿಸಿದ್ದೆ, ಶಾರದೆಯೂ ಎಣಿಸಿದ್ದಳು.

ಸಂಜೀವಣ್ಣ ಎಲ್ಲರನ್ನೂ ಕೂರಿಸಿ ಹೇಳಿದರು, "ನೆರೂಳಿಗೆ ಬಸಪ್ಪ ಹೋಗುದು. ಜನ ಬರುದು ಸಾಂಬಾರಿಗೆ. ಸಾಂಬಾರು ಇವನ ಕೈಯಲ್ಲಿ ಉಂಟು."

ನನಗೆ ಹೊಟ್ಟೆ ಉರಿಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನು ಎದ್ದು ನಿಂತು ಕೈಮುಗಿದಾಗ ಅವನ ಕಣ್ಣಲ್ಲಿ ನೀರಿತ್ತು. ನಾನು ಅದನ್ನೂ ನಂಬಲಿಲ್ಲ.

ಅಂದಿನಿಂದ ನಾನು ಅವನ ಬೆನ್ನು ಹತ್ತಿದೆ. ಮಸಾಲೆ ಕೋಣೆಯ ಬಾಗಿಲು ಮೊದಲು ಒಂದು ಗಂಟೆ ಮುಚ್ಚಿರುತ್ತಿತ್ತು, ಈಗ ಎರಡೂವರೆ ಗಂಟೆ. ಅಷ್ಟು ಹೊತ್ತು ಒಳಗೆ ಏನು ಕೆಲಸ? ನಾನು ಕೊಟ್ಟ ಮೆಣಸಿನ ತೂಕಕ್ಕೂ ಹೊರಗೆ ಬಂದ ಪುಡಿಯ ತೂಕಕ್ಕೂ ತಾಳೆ ನೋಡಿದೆ. ಆಶ್ಚರ್ಯವೆಂದರೆ ಸರಿಯಾಗಿತ್ತು. ಇಷ್ಟು ಸರಿಯಾಗಿರುವುದು ಸಾಧ್ಯವೇ ಇಲ್ಲ, ಹುರಿದಾಗ ಸ್ವಲ್ಪವಾದರೂ ಕಡಿಮೆಯಾಗಬೇಕು. ಅಂದರೆ ಏನೋ ಕಲಬೆರಕೆ ಮಾಡಿ ಸರಿದೂಗಿಸುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಲೆಕ್ಕ ತಪ್ಪಿದ್ದರೆ ಕಳ್ಳ, ಸರಿ ಇದ್ದರೆ ದೊಡ್ಡ ಕಳ್ಳ. ನನ್ನ ತಲೆ ಆಗ ಹಾಗೆ ಓಡುತ್ತಿತ್ತು.

ಗುರುವಾರ ಅವನಿಗೆ ಅರ್ಧ ದಿನ ರಜೆ. ಬದಲಾಪುರದಲ್ಲಿ ಅವನ ಮನೆ. ಪ್ರತಿ ಗುರುವಾರ ಹೋಗುವಾಗ ಹೆಗಲಲ್ಲಿ ಒಂದು ಬಟ್ಟೆಯ ಚೀಲ, ತುಂಬಿದ ಚೀಲ. ನನ್ನೆದುರೇ ಹಾದುಹೋಗುತ್ತಿದ್ದ, ನಾನು ಮುಟ್ಟುವಂತಿಲ್ಲ. ಒಂದು ಗುರುವಾರ ಹಿಂದೆಯೇ ಹೋದೆ. ಅವನು ರೈಲಿನ ಮುಂದಿನ ಡಬ್ಬಿ ಹತ್ತಿದ, ನಾನು ಹಿಂದಿನದು. ಬದಲಾಪುರದವರೆಗೆ ಹೋಗಬೇಕಾದವನು ಕಲ್ಯಾಣಿನಲ್ಲಿ ಇಳಿದ. ಸೇತುವೆ ದಾಟಿ, ಮಾರ್ಕೆಟ್ಟಿನ ಸಂದಿಯಲ್ಲಿ ಒಂದು ಕಿರಾಣಿ ಮತ್ತು ಮಸಾಲೆ ಅಂಗಡಿಗೆ ಹೋದ. ಅಂಗಡಿಯವನು ಬಹಳ ದಿನದ ಪರಿಚಯದವನ ಹಾಗೆ ನಕ್ಕು ಒಳಗೆ ಕರೆದ. ಬಸಪ್ಪ ಚೀಲದ ಸಮೇತ ಒಳಗೆ ಹೋದ.

ನಾನು ಎದುರಿನ ಹಣ್ಣಿನ ಗಾಡಿಯ ಹತ್ತಿರ ನಿಂತಿದ್ದೆ. ಹತ್ತು ಹೆಜ್ಜೆ ಇಟ್ಟಿದ್ದರೆ ಅಂಗಡಿ. ಹೋಗಲಿಲ್ಲ. ಹೋಟೆಲಿನ ಮಸಾಲೆ ಹೊರಗೆ ಮಾರುತ್ತಿದ್ದಾನೆ, ಇನ್ನೇನು ನೋಡುವುದು ಎಂದುಕೊಂಡು ಡೊಂಬಿವಲಿಗೆ ವಾಪಸ್ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ನನಗೆ ಖುಷಿಯಾಗಿತ್ತು.

ಮರುದಿನ ಸಂಜೀವಣ್ಣನ ಕಿವಿಗೆ ಹಾಕಿದೆ. ಅವರು ಮೊದಲು ನಂಬಲಿಲ್ಲ. ನಾನು ಕಣ್ಣಾರೆ ಕಂಡದ್ದು ಎಂದೆ. ಮಸಾಲೆಯ ಅಳತೆ ಹೊರಗೆ ಹೋಯಿತು ಎಂದರೆ ಹೋಟೆಲಿನವನಿಗೆ ಜೀವ ಹೋದಷ್ಟೇ ಹೆದರಿಕೆ. ಬಸಪ್ಪನನ್ನು ಕರೆಸಿದರು.

"ಗುರುವಾರ ಚೀಲದಲ್ಲಿ ಎಂತ ತಗೊಂಡು ಹೋಗ್ತಿ?" ಎಂದು ಕೇಳಿದರು.

ಬಸಪ್ಪ ನನ್ನ ಕಡೆ ನೋಡಿದ. "ಸ್ಟೋರಿನವ್ರನ್ನ ಕೇಳ್ರಿ. ಅವರಿಗೆ ಗೊತ್ತದ" ಎಂದ.

"ನನಗೆ ಎಂತ ಗೊತ್ತಿರುದು? ನಿನ್ನ ಚೀಲ ನಾನು ಮುಟ್ಟಿದ್ದು ಉಂಟಾ?" ಎಂದೆ.

"ಚೀಲ ಅಲ್ರಿ. ಮೂಟೆ" ಎಂದ. ನಾನು ಅದನ್ನು ಉದ್ಧಟತನ ಎಂದುಕೊಂಡೆ. ಸಂಜೀವಣ್ಣನಿಗೂ ಅರ್ಥವಾಗಲಿಲ್ಲ. "ಸರಿಯಾಗಿ ಹೇಳು, ಕಲ್ಯಾಣಿನ ಅಂಗಡಿಗೆ ಹೋಗ್ತಿಯಾ ಇಲ್ವಾ?" ಎಂದು ಮತ್ತೆ ಕೇಳಿದರು. "ಹೋಗ್ತೀನ್ರಿ" ಎಂದ. ಅಷ್ಟು ಸಾಕಾಯಿತು. ಸುತ್ತ ನಿಂತಿದ್ದ ನಮ್ಮ ಊರಿನವರು ತುಳುವಿನಲ್ಲಿ ಗುಸುಗುಸು ಶುರು ಮಾಡಿದರು. ಬಸಪ್ಪ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೋದ. ನೆರೂಳಿನ ಪಾಲು ನನಗೆ ಬಂತು.

ಎರಡನೇ ಅಂಗಡಿ ತೆರೆಯುವವರು ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ. ಹೊಸ ಜಾಗ, ಹೊಸ ಕುರ್ಚಿ, ಒಳ್ಳೆಯ ಬೆಳಕು. ದಿನಾ ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋಗುತ್ತಿದ್ದೆ. ಮಸಾಲೆಗೆ ಊರಿನವನೇ ಒಬ್ಬನನ್ನು ಹಾಕಿದ್ದೆವು. ಬಸಪ್ಪ ಬಿಟ್ಟುಹೋದ ಅಳತೆ ಸಂಜೀವಣ್ಣನ ಹತ್ತಿರ ಇತ್ತು, ಅದೇ ಅಳತೆ, ಅದೇ ಬೇಳೆ. ಆದರೂ ಸಾಂಬಾರು ಕೆಂಪಗೆ ಕಾಣುತ್ತಿತ್ತೇ ಹೊರತು ಬಟ್ಟಲು ಮೂಗಿನ ಹತ್ತಿರ ತಂದರೆ ಏನೂ ಇಲ್ಲ. ಡೊಂಬಿವಲಿಯಲ್ಲೂ ಅದೇ ಕಥೆ. ಹಳೆಯ ಗಿರಾಕಿಯೊಬ್ಬರು ಎದ್ದು ಹೋಗುವಾಗ, "ಕಾಯ್ ಝಾಲಂ ಹೋ, ಸಾಂಬಾರಲಾ ಚವ್ ನಾಹೀ" ಎಂದರು. ರುಚಿಯೇ ಇಲ್ಲವಲ್ಲ ಎಂದು. ಮುಂದಿನ ವಾರದಿಂದ ಅವರು ಎದುರಿನ ಹೋಟೆಲಿನಲ್ಲಿ ಕೂತಿರುವುದು ಕಾಣಿಸಿತು.

ನಾನು ಎಲ್ಲರನ್ನೂ ಸಂಶಯಿಸಿದೆ. ನೆರೂಳಿನ ನೀರು ಸರಿ ಇಲ್ಲ ಎಂದು ಡೊಂಬಿವಲಿಯಿಂದ ಕ್ಯಾನಿನಲ್ಲಿ ನೀರು ಒಯ್ದು ಸಾಂಬಾರು ಮಾಡಿಸಿದೆ. ಹೊಸ ಮಸಾಲೆಯವನು ಕದಿಯುತ್ತಾನೆ ಎಂದು ಬದಲಿಸಿದೆ. ಬಸಪ್ಪ ಹೋಗುವಾಗ ಅಳತೆಯನ್ನೇ ತಪ್ಪು ಬರೆಸಿ ಹೋಗಿದ್ದಾನೆ ಎಂದು ಅವನನ್ನೂ ಬೈದೆ. ಐದು ತಿಂಗಳು ಹೀಗೆ ಹೋಯಿತು. ಮಧ್ಯಾಹ್ನದ ಹೊತ್ತು ತುಂಬುತ್ತಿದ್ದ ಮೇಜುಗಳಲ್ಲಿ ಅರ್ಧ ಖಾಲಿ. ಸಂಜೀವಣ್ಣ ಮಾತು ಕಡಿಮೆ ಮಾಡಿದರು.

ಒಂದು ಬೆಳಿಗ್ಗೆ ನೆರೂಳಿಗೆ ಹೊರಡುವ ಮೊದಲು ಡೊಂಬಿವಲಿಯ ಸ್ಟೋರಿನಲ್ಲಿ ನಾನೊಬ್ಬನೇ ಇದ್ದೆ. ದಿನಕರನ ಮೂಟೆ ಆಗಷ್ಟೇ ಬಂದಿತ್ತು. ಯಾಕೆ ಹಾಗೆ ಮಾಡಿದೆನೋ, ಬೇರೆ ಎಲ್ಲವನ್ನೂ ನೋಡಿ ಮುಗಿದಿತ್ತು, ಅದಕ್ಕೇ ಇರಬೇಕು, ಆ ಮೂಟೆಯನ್ನು ನೆಲಕ್ಕೆ ಕವುಚಿದೆ. ಮೇಲೆ ಒಂದು ಗೇಣು ಹೊಸ ಮೆಣಸು. ಕೆಳಗೆ ಪೂರ್ತಿ ಹಳೆಯದು, ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ವರ್ಷ ಬಿದ್ದಿತ್ತೋ, ಮಿನುಗಲಿ ಎಂದು ಎಣ್ಣೆ ಸವರಿದ್ದರು. ಒಂದನ್ನು ಮುರಿದು ಮೂಸಿದೆ. ಕಾಗದ ಮೂಸಿದ ಹಾಗೆ. ಇನ್ನೊಂದು ಮುರಿದೆ. ಕೈಗೆ ಎಣ್ಣೆ ಅಂಟಿತು. ಮೆಣಸಿನ ರಾಶಿಯ ಪಕ್ಕದಲ್ಲೇ ಕೂತು ಇನ್ನೂ ಹತ್ತು ಮುರಿದು ನೋಡಿದೆ. ಬಸಪ್ಪ ಮೂಟೆ ಎಂದು ಹೇಳಿದ್ದು ಆಗ ಅರ್ಥವಾಯಿತು.

ಅದೇ ದಿನ ಕಲ್ಯಾಣಿಗೆ ಹೋಗಿ, ಹಿಂದೆ ಇಡದ ಆ ಹತ್ತು ಹೆಜ್ಜೆ ಇಟ್ಟು, ಅಂಗಡಿಯವನನ್ನು ಕೇಳಿದೆ. ಅವನು ನೆನಪು ಮಾಡಿಕೊಂಡು ಹೇಳಿದ, "ಬಸಪ್ಪಾ? ಹರ್ ಗುರುವಾರ್ ಆತಾ ಥಾ. ಖರಾಬ್ ಮಿರ್ಚಿ ಲಾತಾ, ಉಧರ್ ಕಚರೇ ಮೇಂ ಡಾಲತಾ, ಅಚ್ಛೀ ವಾಲೀ ಲೇಕೇ ಜಾತಾ." ಮೂಟೆಯಲ್ಲಿ ಕೆಟ್ಟದ್ದನ್ನು ಆರಿಸಿ ತೆಗೆದು, ಇಲ್ಲಿಗೆ ತಂದು ಪಕ್ಕದ ಕಸದ ತೊಟ್ಟಿಗೆ ಸುರಿದು, ಹುರಿದಾಗ ಇಳಿಯುವ ತೂಕವನ್ನೂ ಸೇರಿಸಿ ಅಷ್ಟು ಒಳ್ಳೆಯ ಮೆಣಸು ಕೊಂಡು ಒಯ್ಯುತ್ತಿದ್ದನಂತೆ. ದುಡ್ಡು ಯಾರದ್ದು ಎಂದು ಕೇಳಿದೆ. "ಉಸ್ಕಾ ಖುದ್ ಕಾ. ಔರ್ ಕಿಸ್ಕಾ?" ಎಂದ. ಬಸಪ್ಪನ ಸ್ವಂತ ದುಡ್ಡು. ಹೋಟೆಲಿನ ಕಸದ ಡಬ್ಬಿಗೆ ಯಾಕೆ ಹಾಕಲಿಲ್ಲ ಎಂದು ನಾನು ಕೇಳಲಿಲ್ಲ. ಆ ಡಬ್ಬಿ ದಿನಾ ನೋಡುತ್ತಿದ್ದವನು ನಾನೇ. ಶುಕ್ರವಾರ ಬೆಳಿಗ್ಗೆ ಅವನು ಅದೇ ಚೀಲ ತುಂಬಿಸಿಕೊಂಡು ಒಳಗೆ ಬರುತ್ತಿದ್ದದ್ದೂ ನನ್ನ ಎದುರಿನಿಂದಲೇ. ಹೋಗುವ ಚೀಲದ ಮೇಲೆ ಕಣ್ಣಿಟ್ಟವನು ಬರುವ ಚೀಲದ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಹೋಗಿ ಶಾರದೆಗೆ ಹೇಳಿದೆ. ನಿನ್ನ ಅಣ್ಣ ಅಂತ ಬಿಟ್ಟೆ, ಅದಕ್ಕೇ ಹೀಗಾಯಿತು ಎಂದೆ.

ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ನನ್ನ ಅಣ್ಣ ಅಂತ ನೀವು ಬಿಟ್ಟದ್ದು. ಬಿಡಿ ಅಂತ ನಾನು ಹೇಳಿದ್ದು ಉಂಟಾ? ಆ ಬಸಪ್ಪನಿಗೆ ಒಂದು ಮಾತು ಸರಿಯಾಗಿ ಕೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ?" ಎಂದಳು. ದಿನಕರನನ್ನು ಕೇಳಿದಾಗ ಅವನು ನಕ್ಕ. "ಭಾವ, ನೀವು ನೋಡಿಯೇ ತಗೊಳ್ತಾ ಇದ್ರಲ್ಲ" ಎಂದ. ಅವನ ಮಾಲು ಅಂದೇ ನಿಲ್ಲಿಸಿದೆ. ಅದರಿಂದ ಬಸಪ್ಪನಿಗೆ ಏನೂ ಸರಿಯಾಗಲಿಲ್ಲ.

ಸಂಜೀವಣ್ಣನಿಗೆ ಎಲ್ಲವನ್ನೂ ಹೇಳಿದೆ. ಕೊನೆಗೆ ಅವರು, "ಒಂದು ಕೇಳ್ತೇನೆ ಪದ್ದಣ್ಣ. ನೀನು ಅವನನ್ನು ಕಳ್ಳ ಅಂತ ಎಣಿಸಿ ಹೇಳಿದ್ದಾ, ಪಾಲು ಬೇಕು ಅಂತ ಹೇಳಿದ್ದಾ?" ಎಂದರು. ನಾನು ಇಡೀ ಜೀವನ ಬೇರೆಯವರ ಮನಸ್ಸಿನಲ್ಲಿ ಏನಿದೆ ಎಂದು ಹುಡುಕಿದವನು. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನನಗೇ ಹೇಳಲು ಆಗಲಿಲ್ಲ. "ಗೊತ್ತಿಲ್ಲ ಅಣ್ಣ" ಎಂದೆ. "ಪಾಲು ಅವನಿಗೇ ಕೊಡಿ. ನಾನು ಹೋಗಿ ಕರೀತೇನೆ." ಅವರು ಹೂಂ ಎಂದರು.

ಬದಲಾಪುರದಲ್ಲಿ ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಸ್ಟೇಷನ್ನಿನಿಂದ ಕಾಲು ಗಂಟೆ ನಡೆದರೆ ಬಾಡಿಗೆ ಸಾಲುಮನೆಗಳ ಒಂದು ಚಾಳಿನ ಮುಂಭಾಗದಲ್ಲಿ ಸಣ್ಣ ಗಿರಣಿ. ಅಂಗಡಿಗೆ ಬಾಗಿಲೇ ಇರಲಿಲ್ಲ, ಎದುರು ಪೂರ್ತಿ ತೆರೆದಿತ್ತು. ಬಂದ ಹೆಂಗಸರ ಎದುರೇ ಮೆಣಸು ಆರಿಸಿ, ಹುರಿದು, ಪುಡಿ ಮಾಡಿ ಕೊಡುತ್ತಿದ್ದ. ಅವನ ಹೆಂಡತಿ ಪೊಟ್ಟಣ ಕಟ್ಟುತ್ತಿದ್ದಳು. ಏಳೆಂಟು ಜನ ಸಾಲಿನಲ್ಲಿದ್ದರು. ವ್ಯಾಪಾರ ಬೆಳೆಸುವುದು ಹೇಗೆ ಎಂದು ನನ್ನ ಹತ್ತಿರ ಕೇಳಲು ಬರುವವರಿಗೆ ತೋರಿಸಬಹುದಾದ ಅಂಗಡಿ ಅದು. ನಾನೂ ಸಾಲಿನ ಕೊನೆಗೆ ನಿಂತೆ.

ನನ್ನ ಸರದಿ ಬಂದಾಗ ಅವನು ಯಂತ್ರ ನಿಲ್ಲಿಸಿದ. "ಬರ್ರಿ ಸಾಹೇಬ್ರ. ಕುಂದರ್ರಿ" ಎಂದ. ಒಂದು ಡಬ್ಬ ಸರಿಸಿ ಕೊಟ್ಟ. ಹೆಂಡತಿ ಚಹಾ ತರಲು ಒಳಗೆ ಹೋದಳು.

"ಬಸಪ್ಪ, ತಪ್ಪಾಯ್ತು. ಮೂಟೆ ಕವುಚಿ ನೋಡಿದೆ" ಎಂದೆ.

ಅವನು ಕೈಗೆ ಅಂಟಿದ ಪುಡಿಯನ್ನು ಒರೆಸಿಕೊಂಡ.

"ನೀನು ಆವತ್ತು ಬಿಡಿಸಿ ಹೇಳಬಹುದಿತ್ತಲ್ಲ, ಎಲ್ಲರೆದುರು?" ಎಂದೆ.

"ಮೊದಲ ಒಮ್ಮೆ ಹೇಳಿದ್ದೆನಲ್ರಿ. ಕಮಿಷನ್ ಎಷ್ಟು ಅಂತ ಕೇಳಿದ್ರಿ. ನಿಮ್ಮ ಭಾವ ಕಳ್ಳ ಅಂತ ನಾ ಅಷ್ಟು ಮಂದಿ ಮುಂದ ಹೇಳಿದ್ರ ಯಾರು ನಂಬ್ತಿದ್ರು? ಅಲ್ಲಿದ್ದವ್ರೆಲ್ಲಾ ನಿಮ್ಮ ಊರಾವ್ರು. ನಿಮ್ಮ ಭಾಷಾದಾಗ ಏನೇನ್ ಅಂದ್ರು ಅನ್ನೋದು ನನಗ ತಿಳೀತಿತ್ರಿ."

"ಮತ್ತೆ ನಿನ್ನ ಕೈಯಿಂದ ದುಡ್ಡು ಹಾಕಿ ಯಾಕೆ..."

"ಪಾಲು ಕೊಡ್ತೀನಿ ಅಂದಿದ್ರಲ್ರಿ ಮಾಲೀಕ್ರು. ಅದು ಕೈಗೆ ಬರೂ ತನಕ ಸಾಂಬಾರ ಕೆಡಬಾರದಾಗಿತ್ತು. ಪಾಲು ಬಂದಮ್ಯಾಲ ಮಾಲು ನಾನ ತರಸ್ತಿದ್ದೆ. ನಿಮ್ಮ ಮನ್ಯಾಗೂ ಜಗಳ ಆಗ್ತಿರಲಿಲ್ಲ" ಎಂದ.

ಪಾಲು ಇನ್ನೂ ಅವನದೇ, ಸಂಜೀವಣ್ಣ ಒಪ್ಪಿದ್ದಾರೆ, ನಾಳೆಯೇ ಬಾ ಎಂದೆ. ಅವನು ತಲೆ ಅಲ್ಲಾಡಿಸಿದ. ಚಹಾ ಬಂತು. ಕುಡಿದೆವು. ಸಾಲಿನಲ್ಲಿ ಮತ್ತೆ ಜನ ನಿಂತಿದ್ದರು.

"ಕಲ್ಯಾಣದಾಗ ನೀವು ಹಣ್ಣಿನ ಗಾಡಿ ಹತ್ರ ನಿಂತದ್ದು ನಾ ನೋಡಿದ್ದೆ" ಎಂದ ಅವನು. "ಒಳಗ ಬರ್ತೀರಿ ಅಂತ ಬಾಳ ಹೊತ್ತು ಕಾದೆ. ಬಂದಿದ್ರ ಚೀಲ ಬಿಚ್ಚಿ ತೋರಸ್ತಿದ್ದೆ. ಅವತ್ತ ಮುಗೀತಿತ್ತು."

ನಾನು ಖಾಲಿ ಲೋಟ ಕೆಳಗಿಟ್ಟೆ.

"ಹೋಟೆಲಿಗೆ ಬರಂಗಿಲ್ರಿ. ಮಾಲೀಕ್ರು ಅನ್ನ ಹಾಕ್ಯಾರ, ಅವರ ಹೋಟೆಲ ನಿಲ್ಲಬಾರದು. ಮಸಾಲಿ ಇಲ್ಲಿಂದ ಕೊಡ್ತೀನಿ, ಎಷ್ಟ ಬೇಕೋ ಅಷ್ಟ. ಒಂದ ಕರಾರು ಅದ" ಎಂದ. ಯಂತ್ರದ ಗುಂಡಿಯ ಮೇಲೆ ಕೈ ಇಟ್ಟಿದ್ದ. "ನನ್ನ ಡಬ್ಬಿ ನಿಮ್ಮ ಕೈಗೆ ಹೋಗಬಾರದು. ಬ್ಯಾರೆ ಯಾರನ್ನರ ಕಳಸ್ರಿ."

ಯಂತ್ರ ಶುರುವಾಯಿತು. ನಾನು ಎದ್ದು ಬಂದೆ.

ಪಾಲು ಬಿಟ್ಟುಕೊಟ್ಟು ಮತ್ತೆ ಡೊಂಬಿವಲಿಯ ಸ್ಟೋರಿಗೆ ಬಂದೆ. ಬದಲಾಪುರದ ಮಸಾಲೆ ಬಂದ ಮೇಲೆ ಎರಡೂ ಕಡೆ ಜನ ನಿಧಾನಕ್ಕೆ ವಾಪಸ್ ಬಂದರು. ಡಬ್ಬಿ ತರಲು ಪ್ರತಿ ವಾರ ಸಂಜೀವಣ್ಣನೇ ಹೋಗುತ್ತಿದ್ದರು. ಅದನ್ನು ಹಿಡಿದು ನನ್ನ ಎದುರಿನಿಂದಲೇ ಸೀದಾ ಅಡುಗೆಮನೆಗೆ ನಡೆಯುತ್ತಿದ್ದರು, ನಾನು ಎದ್ದು ದಾರಿ ಬಿಡುತ್ತಿದ್ದೆ. ಕೆಲಸ ಬಿಡುವ ದಿನದವರೆಗೂ ಆ ಹೋಟೆಲಿಗೆ ಬಂದ ಮಾಲನ್ನೆಲ್ಲ ನಾನೇ ಇಳಿಸಿಕೊಂಡೆ, ಅದೊಂದನ್ನು ಬಿಟ್ಟು.